ಭರ್ತಿಯಾಗದ ಹುದ್ದೆ

೨೮ ಜುಲೈ ೧೯೯೧, ಭಾನುವಾರ
ಶಿಡ್ಲಘಟ್ಟ

ಕೇಂದ್ರದ ಮುಂಗಡಪತ್ರದ ವಿವರಗಳನ್ನು ಇಂದು ಮತ್ತೊಮ್ಮೆ ಓದಿದೆ. ಗೊಬ್ಬರದ ಸಹಾಯಧನಕ್ಕೆ ಕತ್ತರಿ ಬಿದ್ದಿದೆ. ಸಕ್ಕರೆ, ಪೆಟ್ರೋಲು, ಅಡುಗೆ ಅನಿಲಗಳ ಬೆಲೆ ಏರಿದೆ. ಬೀದಿಯಲ್ಲೆಲ್ಲ ಗೊಣಗಾಟ. ನನಗೆ ಗೊಣಗಲು ಕಾರಣ ಕಾಣುವುದಿಲ್ಲ. ಆದಾಯ ಮೀರಿ ಬದುಕಿದ ದೇಶ ತನ್ನ ಚಿನ್ನವನ್ನು ಪರದೇಶದಲ್ಲಿ ಒತ್ತೆಯಿಡಬೇಕಾಯಿತು. ಅಂಥ ದೇಶ ಖರ್ಚನ್ನು ತಗ್ಗಿಸಲೇಬೇಕು, ತೆರಿಗೆಯನ್ನು ಏರಿಸಲೇಬೇಕು. ಸರ್ಕಾರ ಸಾಲಕ್ಕೆ ಕೈಯೊಡ್ಡುವುದನ್ನು ನಿಲ್ಲಿಸಿದರೆ ಆ ಬಂಡವಾಳ ಉದ್ಯಮಕ್ಕೆ ಒದಗುತ್ತದೆ. ಉದ್ಯಮ ಬೆಳೆದರೆ ದೇಶ ಬೆಳೆಯುತ್ತದೆ. ನಡುವೆ ಸ್ವಲ್ಪ ಕಾಲ ನೋವು. ಉಪಖಜಾನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನಗೆ ಈ ತರ್ಕದಲ್ಲಿ ಬಿರುಕು ಕಾಣಿಸುತ್ತಿಲ್ಲ.

ಮನೆಯ ವಿಷಯ. ಮಗ ಚಲಪತಿ ಮಾರ್ಚಿನಲ್ಲಿ ತೀರಿಕೊಂಡ. ರೇಷ್ಮೆ ಇಲಾಖೆಯಲ್ಲಿ, ರೈತರಿಗೆ ಹುಳು ಸಾಕಣೆ ಕಲಿಸುವ ಪ್ರದರ್ಶಕನಾಗಿದ್ದ. ಚಿಂತಾಮಣಿ ರಸ್ತೆಯಲ್ಲಿ ಲಾರಿ ಬಡಿಯಿತು. ಇದನ್ನು ಒಮ್ಮೆ ಬರೆದಿದ್ದೇನೆ, ಮತ್ತೆ ಬರೆಯುವ ಅಗತ್ಯವಿಲ್ಲ.

ಸೇವೆಯಲ್ಲಿರುವಾಗಲೇ ತೀರಿಕೊಂಡ ನೌಕರನ ಕುಟುಂಬದವರೊಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವ ನಿಯಮವಿದೆ. ಸೊಸೆ ಗಂಡನ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಪಿ.ಯು.ಸಿ. ಮುಗಿಸಿದವಳು, ಅರ್ಹಳು. ಅರ್ಜಿ ಜಿಲ್ಲಾ ಕಚೇರಿಯಲ್ಲಿದೆ.

ಊಟದ ಹೊತ್ತಿನಲ್ಲಿ ಹೆಂಡತಿ ಕೊಂಡಮ್ಮ ಮತ್ತೆ ಅದೇ ಮಾತು ಎತ್ತಿದಳು. "ನೀವೊಂದ್ಸಲ ಹೋಗ್ಬನ್ರೀ. ನಿಮ್ಮ ಮುಖ ಕಂಡ್ರೆ ಸಾಕು, ಫೈಲು ಏಳುತ್ತೆ."

"ನಿಯಮವಿದ್ದರೆ ಫೈಲು ತಾನಾಗಿ ಏಳುತ್ತದೆ."

"ಫೈಲಿಗೆ ಕಾಲಿದ್ದಿದ್ರೆ ನಿಮ್ಮ ಕಾಲು ಯಾಕ್ರೀ ಹಿಡೀತಿದ್ದೆ?"

ನಾನು ಹೋಗುವುದಿಲ್ಲ. ನಮ್ಮ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನು ಮೊದಲಿಗ. ಚರ್ಚಾಸ್ಪರ್ಧೆಯ ಪಾರಿತೋಷಕವನ್ನು ನನ್ನ ಕೈಗೆ ಕೊಡುವಾಗ ಬೆರಳು ತಾಕದಂತೆ ಜಾಗ್ರತೆ ವಹಿಸಿದವರನ್ನು ಕಂಡಿದ್ದೇನೆ. ಅಂಥವರ ಮುಂದೆ ನಾನು ಒಮ್ಮೆ ಕೈಚಾಚಿದರೆ, ಇವರಿಗೆಲ್ಲ ಸಿಕ್ಕಿದ್ದು ಹೀಗೆಯೇ ಎಂಬ ಮಾತಿಗೆ ಸಾಕ್ಷಿ ಒದಗಿಸಿದಂತಾಗುತ್ತದೆ.

೯ ಆಗಸ್ಟ್, ಶುಕ್ರವಾರ

ಹಳೆಯ ಕಚೇರಿಗೆ ಹೋಗಿದ್ದೆ. ಸುತ್ತೋಲೆ ಬಂದಿದೆ. "ಮುಂದಿನ ಆದೇಶದವರೆಗೆ ಯಾವುದೇ ಖಾಲಿ ಹುದ್ದೆಯನ್ನು ಭರ್ತಿ ಮಾಡತಕ್ಕದ್ದಲ್ಲ." ಅನುಕಂಪದ ನೇಮಕಾತಿಗೂ ಇದು ಅನ್ವಯ. ವಾಕ್ಯರಚನೆ ಸ್ಪಷ್ಟವಾಗಿದೆ, ಅಪವಾದಕ್ಕೆ ಎಡೆಯಿಲ್ಲ. ಮಿತವ್ಯಯವೆಂದರೆ ಹೀಗೆಯೇ ಇರಬೇಕು.

ಮನೆಯಲ್ಲಿ ಹೇಳಿದೆ. ಕೊಂಡಮ್ಮ ತಟ್ಟೆ ಬಿಟ್ಟು ಎದ್ದಳು. ಸೊಸೆ ಕುಳಿತೇ ಇದ್ದಳು.

"ಮುಂದಿನ ಆದೇಶ ಯಾವಾಗ ಬರ್ತದೆ ಮಾವ?"

"ಆರ್ಥಿಕ ಪರಿಸ್ಥಿತಿ ಸುಧಾರಿಸಿದ ಮೇಲೆ."

"ಅಲ್ಲೀತನಕ ಆ ಹಳ್ಳಿಗಳ ಹುಳ ಯಾರು ನೋಡ್ತಾರೆ?"

ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದಲ್ಲ. ಹಾಗೆಂದು ಹೇಳಿದೆ.

೨೫ ಆಗಸ್ಟ್, ಭಾನುವಾರ

ಇಬ್ಬರು ಬಂದಿದ್ದರು.

ಬೆಳಿಗ್ಗೆ ಮಂಚೇನಹಳ್ಳಿಯಿಂದ ಸೊಸೆಯ ಅಣ್ಣ ನಲ್ಲಪ್ಪ. ಮರ್ಯಾದಸ್ಥ. ಮಾತು ನೇರವಾಗಿತ್ತು. "ಮಾವ, ಕೆಲಸ ಆಗೋದಾದ್ರೆ ಅವಳು ಇಲ್ಲೇ ಇರ್ಲಿ, ನಿಮ್ಮ ಮಗಳ ಹಂಗೆ. ಆಗಲ್ಲ ಅಂದ್ರೆ ಸಂಕ್ರಾಂತಿಗೆ ಕರ್ಕೊಂಡು ಹೋಗ್ತೀವಿ. ಇನ್ನೂ ಇಪ್ಪತ್ತಾರು. ಇಲ್ಲಿ ಕೂತು ಫೋಟೋ ನೋಡ್ಕೊಂಡು ಎಷ್ಟು ದಿನ?" ಪ್ರಸ್ತಾವ ನ್ಯಾಯವಾದದ್ದು. ಒಪ್ಪಿದೆ. ಸೊಸೆ ಬಾಗಿಲ ಹಿಂದೆ ನಿಂತಿದ್ದಳು.

ಮಧ್ಯಾಹ್ನ ಚಿಕ್ಕಬಳ್ಳಾಪುರದ ವಕೀಲ ಆವುಲಪ್ಪ. ಕಾಲೇಜಿನಲ್ಲಿ ನನ್ನ ಖಾಯಂ ಎದುರಾಳಿ. ಮಗ ಹೋದಾಗ ಬಂದು ಒಂದು ಮಾತೂ ಆಡದೆ ಪಕ್ಕದಲ್ಲಿ ಕುಳಿತು ಹೋಗಿದ್ದ. ಈ ಸಲ ಬಾಯಿ ತುಂಬ ಮಾತು.

"ಲೋ ಖಜಾನೆ, ನವೆಂಬರಲ್ಲಿ ನಮ್ಮೂರಲ್ಲಿ ಚರ್ಚೆ ಇಟ್ಕೊಂಡಿದೀವಿ. ವಿಷಯ, ಸರ್ಕಾರದ ವೆಚ್ಚ ಕಡಿತವೂ ತೆರಿಗೆ ಏರಿಕೆಯೂ ಆರ್ಥಿಕ ಬೆಳವಣಿಗೆಗೆ ಅಗತ್ಯ ಅನ್ನೋದು. ಪರವಾಗಿ ಮಾತಾಡೋ ಕಲ್ಲೆದೆಯೋನು ಈ ತಾಲ್ಲೂಕುಗಳಲ್ಲಿ ನೀನೊಬ್ಬನೇ ಕಣೋ."

"ವಿರೋಧವಾಗಿ?"

"ಇನ್ಯಾರು? ನಲವತ್ತು ವರ್ಷದ ಬಾಕಿ ತೀರಿಸ್ಕೋಬೇಡ್ವಾ?"

ಒಪ್ಪಿದೆ. ಮನಸ್ಸಿಗೆ ಒಂದು ಕೆಲಸ ಬೇಕು.

೧೫ ಸೆಪ್ಟೆಂಬರ್, ಭಾನುವಾರ

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಸಿದ್ಧಪಡಿಸಿಕೊಂಡವನೇ ಗೆಲ್ಲುವವನು. ಇದು ನನ್ನ ಹಳೆಯ ಪದ್ಧತಿ. ಆವುಲಪ್ಪ ಏನನ್ನು ಎತ್ತಿಕೊಳ್ಳಬಹುದು? ಸಿಬ್ಬಂದಿಯಿಲ್ಲದೆ ಮುಚ್ಚಿದ ರೇಷ್ಮೆ ಕೇಂದ್ರಗಳನ್ನು. ಹಾಗಾದರೆ ಒಂದನ್ನು ನೋಡಬೇಕು. ಚಲಪತಿ ಕೆಲಸ ಮಾಡುತ್ತಿದ್ದ ಹಳ್ಳಿಗೆ ದಾರಿ ತೋರಿಸೆಂದು ಸೊಸೆಗೆ ಹೇಳಿದೆ. ತಕ್ಷಣ ಚಪ್ಪಲಿ ಮೆಟ್ಟಿದಳು.

ಬಸ್ಸಿಳಿದರೆ ಎದುರಿಗೆ ಅಂಬಾಜಿದುರ್ಗ. ಬೆಟ್ಟದ ಬುಡದಲ್ಲಿ ಹಿಪ್ಪುನೇರಳೆ ತೋಟಗಳು. ಚಾಕಿ ಕೇಂದ್ರಕ್ಕೆ ಬೀಗ. ಆಗತಾನೆ ಮೊಟ್ಟೆಯೊಡೆದ ಹುಳುಗಳನ್ನು ಒಂದೆಡೆ ಬೆಚ್ಚಗೆ ಸಾಕಿ, ಗಟ್ಟಿಯಾದ ಮೇಲೆ ರೈತರಿಗೆ ಹಂಚುವುದಕ್ಕೆ ಚಾಕಿ ಎನ್ನುತ್ತಾರೆ. ಚಲಪತಿಯ ನಂತರ ಯಾರೂ ಬಂದಿಲ್ಲವಾದ್ದರಿಂದ ಅದು ನಿಂತಿದೆ. ರೈತರು ಮೊಟ್ಟೆಯನ್ನು ನೇರವಾಗಿ ಮನೆಗೆ ಒಯ್ದು ತಾವೇ ಪಾಡುಪಡುತ್ತಿದ್ದಾರೆ.

ಮುನಿಶಾಮಪ್ಪ ಎಂಬ ರೈತ ಸೊಸೆಯನ್ನು ಗುರುತಿಸಿ ಓಡಿಬಂದ. ಮನೆಗೆ ಕರೆದ. ಅವನ ತಾಯಿ ಅಮ್ಮಾಜಮ್ಮ ಅಂಗಳದಲ್ಲಿ ಹೊಸ ಚಾಪೆ ಹಾಸಿದಳು. ಚಾಪೆ ಹೊಸದು, ಜಾಗ ಅಂಗಳವೇ. ನಮ್ಮ ಜನ ಹುಳದ ಮನೆಯ ಹೊಸಿಲು ದಾಟಿದರೆ ಬೆಳೆ ಕೆಡುತ್ತದೆಂಬುದು ಇಲ್ಲಿಯ ನಂಬಿಕೆ. ಇದು ನನಗೆ ಹೊಸತಲ್ಲ. ಹೊಸತು ಆಮೇಲೆ ಕೇಳಿದ್ದು.

"ಚಲಪತಿಯೋರು ವಾರಕ್ಕೆರಡು ಸಲ ಒಳಗೆ ಬರೋರು ಸ್ವಾಮಿ," ಎಂದ ಮುನಿಶಾಮಪ್ಪ. "ಔಷಧಿ ಹೊಡೆಯೋರು, ತಟ್ಟೆ ತಟ್ಟೇನೂ ಎತ್ತಿ ನೋಡೋರು."

ನಾನು ಮುದುಕಿಯ ಕಡೆ ನೋಡಿದೆ. ಅವಳು ನಾಚಿಕೊಳ್ಳಲಿಲ್ಲ. "ಮೊದಲ್ನೇ ದಿನ ನಾನೇ ಅಡ್ಡ ನಿಂತಿದ್ದೆ ಕಣಪ್ಪ. ಆ ಹುಡುಗ ನಕ್ಕು, 'ಅಮ್ಮಾ, ನಾನು ಬರ್ತಿಲ್ಲ, ಸರ್ಕಾರ ಬರ್ತಿದೆ, ಸ್ವಲ್ಪ ಸರ್ಕೊ' ಅಂದ. ಸರ್ಕಾರಕ್ಕೆ ಯಾವ ಜಾತಿ ಹೇಳು? ಸರ್ಕೊಂಡೆ."

ಈ ಸಂಗತಿಯನ್ನು ಚಲಪತಿ ನನಗೆ ಹೇಳಿರಲಿಲ್ಲ. ಸೊಸೆಗೆ ಹೇಳಿದ್ದನಂತೆ. ನನ್ನ ತಂದೆ ಇಂಥದೇ ಅಂಗಳಗಳಲ್ಲಿ ನಿಂತು ವಯಸ್ಸು ಕಳೆದರು. ನನ್ನ ಮಗ ವಾರಕ್ಕೆರಡು ಸಲ ಒಳಗೆ ಹೋಗುತ್ತಿದ್ದ. ನಗುತ್ತ.

ವಿರೋಧ ಪಕ್ಷದ ಟಿಪ್ಪಣಿಗಾಗಿ: ಸರ್ಕಾರ ಒಂದು ಹುದ್ದೆಯನ್ನು ಖಾಲಿ ಬಿಟ್ಟಾಗ ಉಳಿಯುವುದು ಸಂಬಳ. ಹೋಗುವುದು ಯಾವ ಆಯವ್ಯಯದಲ್ಲೂ ಕಾಣಿಸುವುದಿಲ್ಲ. ಆವುಲಪ್ಪನಿಗೆ ಇದು ಹೊಳೆಯಲಾರದು.

೨ ಅಕ್ಟೋಬರ್, ಬುಧವಾರ

ಸೊಸೆ ಅನಸೂಯಳೊಡನೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಚರ್ಚೆಯ ಸಿದ್ಧತೆಗಾಗಿ ಮಾತ್ರ.

ಹರಾಜಿನ ಕಟ್ಟೆಗಳಲ್ಲಿ ಅರ್ಧ ಬರಿದು. ಬೀಡಿ ಸೇದುತ್ತ ನಿಂತಿದ್ದ ನೂಲು ಬಿಚ್ಚಾಣಿಕೆಯ ಸಾಬರೊಬ್ಬರು ಹೇಳಿದರು: "ಗೂಡು ಬಂದ್ರೆ ತಾನೆ ಸಾಬ್ ಒಲೆ ಉರಿಯೋದು? ಬಂದಿದ್ದೂ ಹಗುರ. ಹುಳಕ್ಕೇ ಶಕ್ತಿ ಇಲ್ಲ, ನೂಲೆಲ್ಲಿಂದ ಬರಬೇಕು? ನಾಲ್ಕು ಬಾಣಲೆ ಇತ್ತು, ಎರಡು ಬೋರಲು ಹಾಕಿದೀನಿ." ಗೂಡು ಬೇಯಿಸಿ ನೂಲು ತೆಗೆಯುವ ಆ ಎರಡು ಬಾಣಲೆಗಳ ಮುಂದೆ ಕೂರುತ್ತಿದ್ದ ಹೆಂಗಸರು ಈಗ ಮನೆಯಲ್ಲಿ. ಅವರು ಕೊಳ್ಳುತ್ತಿದ್ದ ಅಂಗಡಿಯವನು ಬಾಗಿಲಲ್ಲಿ ಕುಳಿತು ನೊಣ ಹೊಡೆಯುತ್ತಿದ್ದಾನೆ. ಗೊಬ್ಬರದ ಬೆಲೆ ಏರಿದ್ದರಿಂದ ತೋಟಕ್ಕೆ ಗೊಬ್ಬರ ಕಡಿಮೆ, ಆದ್ದರಿಂದ ಸೊಪ್ಪು ತೆಳುವು. ಗೂಡು ಕಡಿಮೆಯಾದಂತೆ ಮಾರುಕಟ್ಟೆಯ ಶುಲ್ಕವೂ ಕಡಿಮೆ. ತೆರಿಗೆಯ ದರ ಏರಿದರೂ ತೆರಿಗೆ ಬೀಳುವ ವ್ಯಾಪಾರವೇ ಕುಗ್ಗಿದರೆ ಖಜಾನೆಗೆ ಬರುವುದೇನು? ಅದು ಬರದಿದ್ದಾಗ ಸರ್ಕಾರ ಮತ್ತೊಂದು ಹುದ್ದೆಯನ್ನು ಖಾಲಿ ಬಿಡುತ್ತದೆ.

ವಿರೋಧ ಪಕ್ಷದ ಟಿಪ್ಪಣಿ ನನ್ನದಕ್ಕಿಂತ ಉದ್ದವಾಗುತ್ತಿದೆ. ಸಿದ್ಧತೆ ಚೆನ್ನಾಗಿ ನಡೆದಿದೆಯೆಂಬುದರ ಲಕ್ಷಣ.

೧೦ ನವೆಂಬರ್, ಭಾನುವಾರ

ಗೆದ್ದೆ.

ಚಿಕ್ಕಬಳ್ಳಾಪುರದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರಲ್ಲಿ ರೇಷ್ಮೆ ಇಲಾಖೆಯ ಜಿಲ್ಲಾ ಮಟ್ಟದ ಅಧಿಕಾರಿಯೂ ಒಬ್ಬರು. ಅನಸೂಯ ಹಿಂದೆ ಹೆಂಗಸರ ಸಾಲಿನಲ್ಲಿದ್ದಳು.

ಆವುಲಪ್ಪ ಎಂದಿನಂತೆ ನನ್ನ ಕಡೆ ಬೆರಳು ತೋರಿ ನಗಿಸಿದ. "ನಮ್ಮ ಬಯ್ಯಪ್ಪನವರು ಮದುವೆ ಮನೇಲಿ ಎರಡನೇ ಸಲ ಪಾಯಸ ಬಡಿಸಿದ್ರೆ ಆಕ್ಷೇಪಣೆ ಬರೆದೋರು. ಇಂಥೋರ ಕೈಗೆ ದೇಶ ಕೊಟ್ರೆ ಉಳಿತಾಯ ಆಗುತ್ತೆ, ಉಣ್ಣೋರು ಇರಲ್ಲ!" ಜನ ಚಪ್ಪಾಳೆ ತಟ್ಟಿದರು. ನಾನು ನಗು ಇಳಿಯುವವರೆಗೆ ಕಾದೆ. ಆಮೇಲೆ ಮಾತಾಡಿದೆ.

"ಈ ನಾಡಿನವರಿಗೆ ರೇಷ್ಮೆ ಹುಳು ಗೊತ್ತು. ಪೊರೆ ಬಿಡುವ ಮುನ್ನ ಅದು ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಸೊಪ್ಪು ಹಾಕುವವನು ದಯಾಳುವಲ್ಲ, ದಡ್ಡ. ಉಪವಾಸವೇ ಅದರ ಬೆಳವಣಿಗೆ. ಇಂದು ದೇಶ ಜ್ವರಕ್ಕೆ ಕೂತಿದೆ. ಪ್ರತಿಯೊಬ್ಬನಿಗೂ ತನಗೆ ಹತ್ತಿರವಾದ ಹುದ್ದೆಯೊಂದು ಅನಿವಾರ್ಯವೆಂದು ತೋರುತ್ತದೆ. ಆ ಕಣ್ಣೀರಿಗೆ ಕರಗಿ ಸೊಪ್ಪು ಚೆಲ್ಲಿದ ಸರ್ಕಾರ ಹುಳುವನ್ನು ಕೊಲ್ಲುತ್ತದೆ."

ಸಭೆ ಗುಡುಗಿತು. ರೇಷ್ಮೆ ಇಲಾಖೆಯ ಅಧಿಕಾರಿ ಎದ್ದುಬಂದು ಕೈಕುಲುಕಿದರು. ಆವುಲಪ್ಪ ಬೆನ್ನಿಗೆ ಗುದ್ದಿ, "ಮತ್ತೆ ಸೋಲಿಸಿದೆಯಲ್ಲೋ, ಪಾಪಿ," ಎಂದ.

ವಾಪಸು ಬರುವ ಬಸ್ಸಿನಲ್ಲಿ ಅನಸೂಯ ಕೇಳಿದಳು: "ಜ್ವರದ ಮಾತು ಅವರದ್ದಲ್ವಾ ಮಾವ? ನಿಮಗೆ ಹೇಳ್ತಿದ್ದಾಗ ನಾನೂ ಅಲ್ಲೇ ಇದ್ದೆ."

"ಹೌದು."

"ಅರ್ಧ ಬಿಟ್ರಿ."

ಬಿಟ್ಟಿದ್ದೆ. ಹೊಟ್ಟೆ ತುಂಬ ತಿಂದ ಹುಳುವಿಗೆ ಮಾತ್ರ ಉಪವಾಸ ಒಗ್ಗುತ್ತದೆ, 'ಅರೆಹೊಟ್ಟೆಯ ಹುಳಕ್ಕೆ ಸೊಪ್ಪು ನಿಲ್ಸಿದ್ರೆ ಅದು ಜ್ವರಕ್ಕೆ ಕೂರಲ್ಲಪ್ಪ, ಸಾಯುತ್ತೆ' ಎನ್ನುತ್ತಿದ್ದ ಚಲಪತಿ.

"ಆ ಅರ್ಧವನ್ನು ಹೇಳುವುದು ಎದುರಾಳಿಯ ಕೆಲಸ," ಎಂದೆ.

"ಎದುರಾಳಿಗೆ ಹುಳದ ವಿಷಯ ಗೊತ್ತಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿದಳು.

೧೧ ನವೆಂಬರ್

ಬರೆಯುವಂಥದ್ದೇನಿಲ್ಲ.

೨೫ ನವೆಂಬರ್, ಸೋಮವಾರ

ಜಿಲ್ಲಾ ಕಚೇರಿಗೆ ಹೋಗಿದ್ದೆ. ಯಾರೂ ಹೋಗೆಂದಿರಲಿಲ್ಲ. ಸಂಕ್ರಾಂತಿ ಹತ್ತಿರ ಬರುತ್ತಿದೆ. ಕೈಚಾಚಲು ಹೋಗಲಿಲ್ಲ. ಒಂದು ಆರ್ಥಿಕ ಅಂಶವನ್ನು ಅಧಿಕಾರಿಯ ಗಮನಕ್ಕೆ ತರಲು ಹೋದೆ.

"ಬನ್ನಿ ಸಾರ್, ಬನ್ನಿ! ನಿಮ್ಮ ಭಾಷಣ ಇನ್ನೂ ಕಿವೀಲೇ ಇದೆ." ಕುರ್ಚಿ ಎಳೆದು ಕೂರಿಸಿದರು. ಕಾಫಿ ತರಿಸಿದರು.

ಮಗನ ಖಾಲಿ ಹುದ್ದೆಯನ್ನೇ ಉದಾಹರಣೆ ಮಾಡಿ ನಾನು ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಇಟ್ಟೆ. ಪ್ರದರ್ಶಕನಿಲ್ಲದಿದ್ದರೆ ಚಾಕಿಯಿಲ್ಲ, ಚಾಕಿಯಿಲ್ಲದಿದ್ದರೆ ರೋಗ, ರೋಗ ಬಂದರೆ ಗೂಡಿಲ್ಲ, ಗೂಡಿಲ್ಲದಿದ್ದರೆ ನೂಲಿಲ್ಲ, ಶುಲ್ಕವಿಲ್ಲ, ತೆರಿಗೆಯಿಲ್ಲ. ಒಂದು ಸಂಬಳವನ್ನು ಉಳಿಸಲು ಹೋಗಿ ಸರ್ಕಾರ ಹತ್ತು ಸಂಬಳಗಳಿಗೆ ಒದಗುವ ಹುಟ್ಟುವಳಿಯನ್ನು ಕಳೆದುಕೊಳ್ಳುತ್ತಿದೆ. ಹಳ್ಳಿಯ ಹೊಟ್ಟೆ ಇನ್ನೂ ಅರ್ಧವೂ ತುಂಬದಿರುವಾಗ ತಟ್ಟೆ ಕಿತ್ತುಕೊಳ್ಳುವುದು ಮಿತವ್ಯಯವಲ್ಲ. ಜೀವನದಲ್ಲಿ ಇಷ್ಟು ಚೆನ್ನಾಗಿ ಮಾತಾಡಿದ ನೆನಪಿಲ್ಲ. ಕೇಳಲು ಒಬ್ಬರೇ ಇದ್ದರು.

ಅವರು ತಾಳ್ಮೆಯಿಂದ ಕೇಳಿ ನಕ್ಕರು. "ಸಾರ್, ಇದಕ್ಕೆ ಉತ್ತರ ನೀವೇ ಕೊಟ್ಟಿದ್ದೀರಿ. ಪ್ರತಿಯೊಬ್ಬನಿಗೂ ತನಗೆ ಹತ್ತಿರವಾದ ಹುದ್ದೆ ಅನಿವಾರ್ಯವಾಗಿ ಕಾಣುತ್ತೆ ಅಂತ." ಆಮೇಲೆ ನಗು ನಿಲ್ಲಿಸಿದರು. "ಖಾಲಿ ಇರೋ ಹುದ್ದೆಗಳಲ್ಲಿ ಯಾವುದನ್ನ ಪೂರ್ತಿ ರದ್ದು ಮಾಡಬಹುದು ಅಂತ ಮೇಲಿಂದ ಕೇಳಿದ್ರು. ಅನುಕಂಪದ ಅರ್ಜಿ ಇರೋದನ್ನ ಹೇಗೆ ಬರೆಯೋದು ಅಂತ ಹಿಂದೆ ಮುಂದೆ ನೋಡ್ತಿದ್ದೆ. ನಿಮ್ಮ ಮಾತು ಕೇಳಿದ ಮೇಲೆ ಧೈರ್ಯ ಬಂತು. ಹೋದ ವಾರ ಹುದ್ದೆ ರದ್ದಾಯ್ತು. ಅದು ನಿಮ್ಮ ಸೊಸೇದು ಅಂತ ನನಗೆ ಗೊತ್ತಿರಲಿಲ್ಲ. ನೀವು ಮೊದಲೇ ಒಂದು ಮಾತು ಹೇಳಿದ್ದಿದ್ರೆ..."

ಕಾಫಿಯನ್ನು ಕುಡಿದು ಮುಗಿಸಿದೆ. ಅದು ಮರ್ಯಾದೆ.

ಮನೆಯಲ್ಲಿ ಕೊಂಡಮ್ಮ, "ಯಾಕಂತೆ ರದ್ದು?" ಎಂದಳು.

"ನನ್ನ ಭಾಷಣ ಚೆನ್ನಾಗಿತ್ತಂತೆ," ಎಂದೆ.

ಅನಸೂಯ ಕೇಳಿಸಿಕೊಂಡಳು. ರಾತ್ರಿ ನನ್ನ ತಟ್ಟೆಗೆ ಎಂದಿನಂತೆ ಎರಡನೆಯ ಮುದ್ದೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

೫ ಜನವರಿ ೧೯೯೨, ಭಾನುವಾರ

ಮೊದಲ ಬಸ್ಸಿಗೆ ಮುನಿಶಾಮಪ್ಪ ಬಂದ. ಮೈಮೇಲಿನ ಕಂಬಳಿಯ ತುಂಬ ಮಂಜು.

"ಅನಸೂಯಮ್ಮ, ಹುಳ ಮೈಯೆಲ್ಲ ಸುಣ್ಣದಂಗೆ ಬೆಳ್ಳಗೆ ಕಟ್ಕೊಂಡು ಸಾಯ್ತಾವೆ. ನಾಲ್ಕನೇ ಜ್ವರಕ್ಕೆ ಕೂತವೆ, ಈಗ್ಲೇ ಬಂತು. ನಂಗೆ ದಿಕ್ಕು ತೋಚ್ತಿಲ್ಲ. ಚಲಪತಿಯೋರ ಜೊತೆ ನೀವು ಎಷ್ಟು ಸಲ ಕೇಂದ್ರದಲ್ಲಿ ಚಾಕಿ ಮಾಡಿದೀರ, ಬಂದು ನೋಡ್ರಮ್ಮ."

"ಯಾವ ತಟ್ಟೇಲಿ ಇದೆ, ಎಲ್ಲಿಂದ ಹಬ್ತಿದೆ ಅಂತ ಒಳಗೆ ಬಂದೇ ನೋಡ್ಬೇಕು ಮುನಿಶಾಮಣ್ಣ."

ಅವನು ಒಂದು ಕ್ಷಣ ತಡೆದ. "ಬನ್ನಿ ಮೊದ್ಲು," ಎಂದ.

ನಾನೂ ಹೋದೆ. ಚರ್ಚೆ ಮುಗಿದಿತ್ತು, ಸಿದ್ಧತೆಯೆಂದು ಹೇಳಿಕೊಳ್ಳುವಂತಿರಲಿಲ್ಲ. ಹೋದೆ, ಅಷ್ಟೆ.

ಹುಳದ ಮನೆಯ ಬಾಗಿಲಲ್ಲಿ ಅಮ್ಮಾಜಮ್ಮ ಎರಡೂ ಕೈಗಳನ್ನು ಚೌಕಟ್ಟಿಗೆ ಊರಿ ನಿಂತಿದ್ದಳು.

"ಲೇದಮ್ಮ, ಒಳಗೆ ಬರಂಗಿಲ್ಲ, ತಪ್ಪು ತಿಳ್ಕೋಬೇಡ. ನಿನ್ನ ಗಂಡ ಬಂದಿದ್ದು ಸರ್ಕಾರದ ಲೆಕ್ಕದಾಗೆ. ನೀನು ಯಾವ ಲೆಕ್ಕದಾಗೆ ಬರ್ತೀಯ?"

"ಅಮ್ಮ, ಬೆಳೆ ಹೋಗ್ತದೆ ಕಣಮ್ಮ!" ಎಂದ ಮಗ.

"ಇವಳು ಹೊಕ್ರೆ ಮುಂದಿನ ಬೆಳೇನೂ ಹೋಗ್ತದೆ."

ನಾನು ಮುಂದೆ ಬಂದು ಸಂವಿಧಾನದ ಹದಿನೇಳನೆಯ ವಿಧಿಯನ್ನು ಹೇಳಿದೆ. ಅಸ್ಪೃಶ್ಯತೆಯ ಆಚರಣೆ ಅಪರಾಧವೆಂದು ವಿವರಿಸಿದೆ.

"ಅದನ್ನ ತಗೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ಸ್ವಾಮಿ," ಎಂದಳು ಮುದುಕಿ, ದನಿಯೆತ್ತದೆ. "ನನ್ನ ಹುಳದ ಮನೇಗಲ್ಲ."

ಮುನಿಶಾಮಪ್ಪ ತಾಯಿಯನ್ನೂ ಅನಸೂಯಳನ್ನೂ ನೋಡಿದ. ತಾಯಿಯನ್ನು ಪಕ್ಕಕ್ಕೆ ಸರಿಸಲು ಅವನಿಗೆ ಕೈ ಬರಲಿಲ್ಲ. ತೋಚಿದ್ದು ಇನ್ನೊಂದು ಉಪಾಯ. ಅವಳ ತೋಳಿನ ಕೆಳಗೆ ನುಸುಳಿ ಒಳಗೆ ಹೋದ, ಒಂದು ಬಿದಿರಿನ ತಟ್ಟೆಯನ್ನು ಎತ್ತಿ ಅಂಗಳಕ್ಕೆ ತಂದ.

"ಬೇಡ!" ಅನಸೂಯ ಕೂಗಿದಳು. "ಜ್ವರದಲ್ಲಿರೋ ಹುಳನ ಅಲುಗಿಸ್ಬೇಡಿ ಅಣ್ಣಾ, ಮಂಜು ಬೀಳ್ತಿದೆ, ಬೇಡ, ಒಳಗಿಡಿ!"

"ನೀವು ಒಳಗೆ ಬರಂಗಿಲ್ಲ, ಹುಳ ಹೊರಗೆ ಬರಂಗಿಲ್ಲ. ಇನ್ನೇನ್ ಮಾಡ್ಲಿ ನಾನು?" ಅವನು ಅಳುತ್ತಿದ್ದ. ಇನ್ನೊಂದು ತಟ್ಟೆ ತಂದ. ಮತ್ತೊಂದು. ಅಂಗಳದಲ್ಲಿ ಸಾಲಾಗಿ ಇಟ್ಟ. ಅನಸೂಯ ಓಡಾಡಿ ಸೆರಗಿನಿಂದ ಒಂದನ್ನು ಮುಚ್ಚುವಳು, ಇನ್ನೊಂದು ತೆರೆದಿರುವುದು. ನಾನು ಶಲ್ಯವನ್ನು ತೆಗೆದು ಮೂರನೆಯದರ ಮೇಲೆ ಹೊದಿಸಿದೆ. ತಲೆಯೆತ್ತಿ ಕುಳಿತ ಹುಳುಗಳು ಒಂದೊಂದಾಗಿ ವಾಲುತ್ತಿದ್ದವು. ಅವುಗಳ ಹಿಡಿತ ತಪ್ಪಿತ್ತು.

ಅವಳು ನೋಡಿ ಹೇಳಿದಳು. ಬೆಳ್ಳಗೆ ಕಟ್ಟಿಕೊಂಡದ್ದು ಮೊದಲ ತಟ್ಟೆಯಲ್ಲಿ ಮಾತ್ರ. ಅದೊಂದನ್ನು ತೆಗೆದು ಸುಟ್ಟಿದ್ದರೆ ಸಾಕಿತ್ತು. ಉಳಿದವು ಹೊರಗೆ ತರುವವರೆಗೂ ಚೆನ್ನಾಗಿದ್ದವು.

ಮುನಿಶಾಮಪ್ಪ ತಾಯಿಯ ಕಡೆ ತಿರುಗಿದ. "ನೀನೇ ಕೊಂದೆಯಲ್ಲಮ್ಮ."

"ನಾನ್ಯಾಕೋ ಕೊಲ್ಲಲಿ? ಸರ್ಕಾರದೋರು ಯಾರಾದ್ರೂ ಬಂದಿದ್ರೆ ನಾನು ಅಡ್ಡ ನಿಂತಿದ್ನಾ? ಯಾಕೆ ಯಾರ್ನೂ ಕಳಿಸ್ಲಿಲ್ಲ, ಹೋಗಿ ಅವರ್ನ ಕೇಳು!"

ಅವಳ ಮಾತು ಅನ್ಯಾಯದ್ದು. ಹೊಸಿಲಿಗೆ ಅಡ್ಡ ನಿಂತವಳು ಅವಳೇ. ಆದರೂ ಕೊನೆಯ ವಾಕ್ಯ ನನ್ನನ್ನೇ ಕೇಳಿದಂತಿತ್ತು. ಉತ್ತರ ಕೊಡಬೇಕಾಗಿದ್ದವನು ಆ ಅಂಗಳದಲ್ಲಿ ನಾನೊಬ್ಬನೇ.

೧೨ ಜನವರಿ, ಭಾನುವಾರ
ಮಂಚೇನಹಳ್ಳಿ

ಚಿಕ್ಕಬಳ್ಳಾಪುರದ ಗೆಲುವಿನ ಸುದ್ದಿ ಕೇಳಿ ಗೌರಿಬಿದನೂರಿನವರು ಅದೇ ವಿಷಯ ಮಾತಾಡಲು ಕರೆದಿದ್ದರು. ಇಂದು ಸಂಜೆ. ಅನಸೂಯ ತವರಿಗೆ ಹೊರಟದ್ದೂ ಇಂದೇ. ದಾರಿ ಒಂದೇ ಆದ್ದರಿಂದ ಒಟ್ಟಿಗೆ ಹೊರಟೆವು. ಕೊಂಡಮ್ಮ ಬಾಗಿಲವರೆಗೂ ಬರಲಿಲ್ಲ.

ಬಸ್ಸಿನಲ್ಲಿ ಭಾಷಣವನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಮೊದಲ ವಾಕ್ಯ ಸಿಕ್ಕಿತು. ಎರಡನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಮಂಚೇನಹಳ್ಳಿಯಲ್ಲಿ ಅವಳು ಇಳಿದಳು. ಟ್ರಂಕು ಇಳಿಸಿಕೊಡಲು ನಾನೂ ಇಳಿದೆ.

"ಹತ್ತಿ ಸ್ವಾಮಿ, ಗೌರಿಬಿದನೂರು ಟಿಕೆಟ್ಟಲ್ವಾ ನಿಮ್ದು?" ಎಂದ ಕಂಡಕ್ಟರು.

"ನೀವು ಹೋಗಿ," ಎಂದೆ. ಬಸ್ಸು ಹೋಯಿತು.

ನಲ್ಲಪ್ಪ ಕಾಲಿಗೆ ನೀರು ಕೊಟ್ಟು, "ಕೆಲಸ ಆಯ್ತಾ ಮಾವ?" ಎಂದ.

"ಆಗಲಿಲ್ಲ. ಆಗುವುದೂ ಇಲ್ಲ."

"ಮತ್ತೆ?"

ವಾದವೊಂದೂ ನಾಲಿಗೆಗೆ ಬರಲಿಲ್ಲ. "ಕೇಳಲಿಕ್ಕೆ ಬಂದಿದ್ದೇನಪ್ಪ. ಅವಳನ್ನು ನಮ್ಮ ಮನೆಗೆ ಕೊಡಿ. ನೌಕರಿಯಿಲ್ಲ. ಸುಮ್ಮನೆ ಕೊಡಿ."

ಅನಸೂಯ ಟ್ರಂಕಿನ ಮೇಲೆ ಕುಳಿತಿದ್ದವಳು ಎದ್ದಳು. "ನನ್ನನ್ನ ಕೇಳ್ಬೇಕು ಮಾವ, ಅಣ್ಣನ್ನಲ್ಲ."

ಅವಳನ್ನು ಕೇಳಿದೆ.

"ಫೋಟೋ ನೋಡ್ಕೊಂಡು ಕೂರಕ್ಕೆ ನಾನು ಬರಲ್ಲ," ಎಂದಳು. "ಚಾಕಿ ಮಾಡಕ್ಕಾದ್ರೆ ಬರ್ತೀನಿ. ಮೊಟ್ಟೆ ತಂದು ಎರಡನೇ ಜ್ವರದವರೆಗೆ ನಾನು ಸಾಕ್ತೀನಿ, ಬೇಕಾದೋರು ದುಡ್ಡು ಕೊಟ್ಟು ತಗೊಂಡು ಹೋಗ್ಲಿ. ಒಂದು ಕೋಣೆ ಬೇಕು, ಗಾಳಿ ಬೆಳಕಿರೋದು."

"ಲೇ ಹುಚ್ಚಿ, ನಮ್ಮ ಕೈಲಿ ಯಾರೇ ಕೊಳ್ತಾರೆ?" ಎಂದ ನಲ್ಲಪ್ಪ.

"ಕೊಳ್ತಾರೆ. ಹುಳಕ್ಕೆ ಹೊಸಿಲು ಅಡ್ಡ ಬರಲ್ಲ. ಅಡ್ಡ ಬರೋದು ನನಗೆ. ನಾನು ಇನ್ಮೇಲೆ ಅವರ ಮನೆಗೆ ಹೋಗಲ್ಲ, ಅವರೇ ಬರ್ಬೇಕು."

ನಾನು ಭಾಷಣ ಅಭ್ಯಾಸ ಮಾಡುವ ಮುಂಭಾಗದ ಕೋಣೆಗೆ ಎರಡು ಕಿಟಕಿಗಳಿವೆ. ಹಾಗೆಂದು ಹೇಳಿದೆ. ಹಬ್ಬ ಕಳೆದು ಬರುತ್ತೇನೆಂದಳು. ಗೌರಿಬಿದನೂರಿನವರಿಗೆ ಕ್ಷಮಾಪಣೆ ತಿಳಿಸಬೇಕು. ಕಾರಣವೇನೆಂದು ಬರೆಯುವುದೋ ತಿಳಿಯದು.

೯ ಫೆಬ್ರವರಿ, ಭಾನುವಾರ
ಶಿಡ್ಲಘಟ್ಟ

ಮೊದಲ ಚಾಕಿ ಹುಳುಗಳು ಇಂದು ಹೊರಟವು.

ಇಡೀ ತಿಂಗಳು ಬರೆಯಲಾಗಲಿಲ್ಲ. ಸುಣ್ಣ ಬಳಿಯುವಾಗ ಏಣಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಆಮೇಲೆ ಸೊಪ್ಪು ಸಣ್ಣಗೆ ಕತ್ತರಿಸಲು. ಕೊಂಡಮ್ಮ ಕತ್ತರಿಸಿದ್ದು ಒಂದೇ ಅಳತೆಗೆ ಬರುತ್ತದೆ, ನನ್ನದು ಬರುವುದಿಲ್ಲವೆಂದು ಇಬ್ಬರೂ ನಗುತ್ತಾರೆ. ಚಲಪತಿಯದೂ ಬರುತ್ತಿರಲಿಲ್ಲವಂತೆ. "ಅಪ್ಪನ ಕೈ," ಎನ್ನುತ್ತಿದ್ದನಂತೆ. ಅವನ ಮಾತು ಈಗ ಮನೆಯಲ್ಲಿ ದಿನವೂ ಬರುತ್ತದೆ.

ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಒಂದು ಖಾಸಗಿ ಕೆಲಸ ಹುಟ್ಟಿತಲ್ಲ, ಇದೇ ಬೆಳವಣಿಗೆಯಲ್ಲವೇ ಎಂದು ಯಾವನಾದರೂ ಚುರುಕಾದ ವಾದಿ ಇದನ್ನು ನನ್ನ ಹಳೆಯ ಪಕ್ಷಕ್ಕೆ ಸಾಕ್ಷಿಯಾಗಿ ಎತ್ತಿಕೊಳ್ಳಬಹುದು. ಎತ್ತಿಕೊಳ್ಳಲಿ. ಜನವರಿಯಲ್ಲಿ ಅಂಗಳದಲ್ಲಿ ಸತ್ತ ಹುಳುಗಳನ್ನು ಅವನು ಯಾವ ಕಡೆಗೆ ಹಾಕುತ್ತಾನೋ ಕೇಳಬೇಕು. ನನ್ನ ಮಗ ಸರ್ಕಾರದ ಹೆಸರಿನಲ್ಲಿ ನಗುತ್ತ ದಾಟಿದ ಹೊಸಿಲನ್ನು ಅನಸೂಯ ದಾಟಿಲ್ಲ. ಆ ನಷ್ಟವನ್ನು ಈ ಕೋಣೆ ತುಂಬುವುದಿಲ್ಲ.

ಕೊಳ್ಳಲು ಮೊದಲು ಬಂದವನು ಮುನಿಶಾಮಪ್ಪ. "ಹುಳ ಎಲ್ಲೀದು ಅಂತ ಅಮ್ಮ ಕೇಳಿದ್ಲು," ಎಂದ, ನೆಲ ನೋಡುತ್ತ. "ಶಿಡ್ಲಘಟ್ಟದ್ದು ಅಂದೆ."

"ಶಿಡ್ಲಘಟ್ಟದ್ದೇ ಅಲ್ವಾ," ಎಂದಳು ಅನಸೂಯ.

ಅವನು ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲೋ ಬೇಡವೋ ಎಂದು ಅನುಮಾನಿಸುತ್ತಿದ್ದ. ಏಕೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಾನು ಏನನ್ನೋ ಹೇಳಲು ಬಾಯಿ ತೆರೆದೆ.

ಅನಸೂಯ ಬಾಗಿಲಲ್ಲಿಟ್ಟಿದ್ದ ಔಷಧಿ ನೀರಿನ ತೊಟ್ಟಿಯನ್ನು ತೋರಿಸಿದಳು. "ಚಪ್ಪಲಿ ಬಿಟ್ಟು ಇದರಲ್ಲಿ ಕಾಲು ಅದ್ದಿ ಬನ್ನಿ ಮುನಿಶಾಮಣ್ಣ. ಹುಳಕ್ಕೆ ರೋಗ ತರ್ಬಾರ್ದು. ಇಲ್ಲಿ ಎಲ್ಲರಿಗೂ ಇದೇ."

ಅವನು ಚಪ್ಪಲಿ ಬಿಟ್ಟು, ಕಾಲು ಅದ್ದಿ ಒಳಗೆ ಬಂದ. ತಟ್ಟೆಗಳನ್ನು ಹೊರಿಸಿಕೊಡಲು ನಾನೂ ಅವನ ಹಿಂದೆ ನುಗ್ಗಿದೆ.

"ಮಾವ," ಎಂದಳು.

ಹಿಂದಕ್ಕೆ ಬಂದು ಕಾಲು ಅದ್ದಿದೆ.